ಕೆರೆಯ ಕಪ್ಪೆ, ದಡದ ಮರ: ಪುಟ್ಟ ಮಕ್ಕಳಿಗೆ ಯೋಗದ ಪರಿಚಯ

(ಅಂಗನವಾಡಿ ಕಾರ್ಯಕರ್ತೆಯರು, ನಲಿ-ಕಲಿ ಶಿಕ್ಷಕರು ಹಾಗೂ ಪೋಷಕರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಇಂದಿನ ಮಾತು ಮೂರು ವರ್ಷದಿಂದ ಸುಮಾರು ಎಂಟು ವರ್ಷದವರೆಗಿನ ಮಕ್ಕಳಿಗೆ ಸಂಬಂಧಿಸಿದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದೇ ವಯಸ್ಸನ್ನು ಬುನಾದಿ ಹಂತವೆಂದು ಗುರುತಿಸಿದೆ. ಆ ಹಂತಕ್ಕಾಗಿ 2022ರಲ್ಲಿ ಹೊರಬಂದ ಪಠ್ಯಕ್ರಮ ಚೌಕಟ್ಟು ಮಗುವಿನ ಬೆಳವಣಿಗೆಯನ್ನು ವಿವರಿಸುವಾಗ ಉಪನಿಷತ್ತಿನ ಪಂಚಕೋಶಗಳ, ಅಂದರೆ ದೇಹ, ಪ್ರಾಣ, ಮನಸ್ಸು, ಬುದ್ಧಿ, ಆನಂದ ಎಂಬ ಐದು ಪದರಗಳ ಕಲ್ಪನೆಯನ್ನೂ ಬಳಸಿಕೊಂಡಿದೆ. ಹೀಗೆ ಯೋಗದ ಮಾತು ಅಂಗನವಾಡಿಯ ಹೊಸ್ತಿಲವರೆಗೆ ಬಂದಿರುವುದು ಸಂತೋಷವೇ. ಆದರೆ ಹೊಸ್ತಿಲು ದಾಟಿ ಒಳಗೆ ಬರುವಾಗ ಅದು ಯಾವ ವೇಷ ತೊಟ್ಟಿರುತ್ತದೆ ಎಂಬುದು ನನ್ನ ಚಿಂತೆ. ಮಕ್ಕಳನ್ನು ಸಾಲಾಗಿ ಕೂರಿಸಿ, ಬೆನ್ನು ನೆಟ್ಟಗೆ ಮಾಡಿಸಿ, ಕಣ್ಣು ಮುಚ್ಚಿಸಿ, ತುಟಿಯ ಮೇಲೆ ಬೆರಳಿಡಿಸಿ ಅದನ್ನೇ ಯೋಗವೆಂದು ಕರೆದರೆ, ನಾಲ್ಕು ವರ್ಷದ ಮಗು ಅದನ್ನು ಶಿಕ್ಷೆಯ ಇನ್ನೊಂದು ಬಗೆಯೆಂದೇ ತಿಳಿಯುತ್ತದೆ. ಹಾಗೆ ತಿಳಿದರೆ ತಪ್ಪು ಮಗುವಿನದಲ್ಲ.

ಆಟದ ಮೂಲಕ ಯೋಗ ಕಲಿಸಬೇಕೆನ್ನುವವರಲ್ಲೂ ಅನೇಕರು ಆಟವನ್ನು ಕಹಿ ಔಷಧಕ್ಕೆ ಸವರುವ ಬೆಲ್ಲದಂತೆ ಕಾಣುತ್ತಾರೆ. ಮೊದಲ ಐದು ನಿಮಿಷ ನಗಿಸಿ, ಮಕ್ಕಳು ಹದಕ್ಕೆ ಬಂದ ಮೇಲೆ ನಿಜವಾದ ಪಾಠ ಶುರುಮಾಡುವುದು ಅವರ ಲೆಕ್ಕ. ನನ್ನ ನಿಲುವು ಬೇರೆ. ಈ ವಯಸ್ಸಿನಲ್ಲಿ ಆಟವೇ ಅಭ್ಯಾಸ, ಅದನ್ನು ತೆಗೆದರೆ ಉಳಿಯುವುದು ಕವಾಯತು. ಈ ನಿಲುವಿಗೆ ಆಧಾರ ಆಧುನಿಕ ಶಿಶು ಮನೋವಿಜ್ಞಾನದಲ್ಲಿ ಮಾತ್ರವಲ್ಲ, ಹಠಯೋಗದ ಹಳೆಯ ಗ್ರಂಥಗಳಲ್ಲೇ ಇದೆ.

ಸುಮಾರು 17ನೇ ಶತಮಾನದ್ದೆಂದು ವಿದ್ವಾಂಸರು ಗುರುತಿಸುವ ಘೇರಂಡ ಸಂಹಿತೆ, ಜಗತ್ತಿನಲ್ಲಿ ಎಷ್ಟು ಜೀವಜಂತುಗಳಿವೆಯೋ ಅಷ್ಟು ಆಸನಗಳಿವೆ ಎಂದು ಆರಂಭಿಸಿ, ಶಿವನು ಹೇಳಿದ 84 ಲಕ್ಷ ಆಸನಗಳಲ್ಲಿ ಮನುಷ್ಯರಿಗೆ 32 ಸಾಕೆಂದು ಆರಿಸಿಕೊಡುತ್ತದೆ. ಆ 32ರ ಪಟ್ಟಿಯಲ್ಲಿ ಸಿಂಹ, ಮೀನು, ನವಿಲು, ಹುಂಜ, ಆಮೆ, ಕಪ್ಪೆ, ಗರುಡ, ಎತ್ತು, ಮಿಡತೆ, ಮೊಸಳೆ, ಒಂಟೆ, ಹಾವು ಎಲ್ಲವೂ ಇವೆ. ಹೆಚ್ಚು ಕಡಿಮೆ ಅರ್ಧದಷ್ಟು ಆಸನಗಳ ಹೆಸರು ಪ್ರಾಣಿಗಳದು. ಸುತ್ತಲಿನ ಜೀವಿಗಳನ್ನು ನೋಡಿ ಅವುಗಳಂತೆ ಮೈಯನ್ನು ಬಾಗಿಸಿ, ಉಬ್ಬಿಸಿ, ಮುದುಡಿಸಿ ನೋಡುವ ಮನಸ್ಸು ಈ ಪಟ್ಟಿಯ ಹಿಂದೆ ಕಾಣುತ್ತದೆ. ಮೂರು ವರ್ಷದ ಮಗು ದಿನವಿಡೀ ಮಾಡುವುದೂ ಅದನ್ನೇ. ಬೀದಿಯಲ್ಲಿ ನಾಯಿ ಮೈಮುರಿಯುವುದನ್ನು ಕಂಡರೆ ಒಳಗೆ ಬಂದು ತಾನೂ ಕೈ ಮುಂದೆ ಚಾಚಿ, ಸೊಂಟ ಮೇಲೆತ್ತಿ ಮೈಮುರಿಯುತ್ತದೆ. ಅದಕ್ಕೆ ಅಧೋಮುಖ ಶ್ವಾನಾಸನವೆಂಬ ಹೆಸರಿರುವುದು ಮಗುವಿಗೆ ಗೊತ್ತಾಗಬೇಕಾದ ತುರ್ತು ಏನೂ ಇಲ್ಲ.

ಹಾಗಿದ್ದರೂ ನಮ್ಮಲ್ಲಿ ಯೋಗವೆಂದೊಡನೆ ಸಾಲು, ಶಿಸ್ತು, ಎಣಿಕೆ ನೆನಪಾಗುವುದಕ್ಕೆ ಕಾರಣವಿದೆ. ಕರ್ನಾಟಕದ ಯೋಗ ಪರಂಪರೆ ದೊಡ್ಡದು, ಅದರ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ಅದು ರೂಪುಗೊಂಡದ್ದು ಬೆಳೆದ ಹುಡುಗರ ಕೈಯಲ್ಲಿ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಪಾಠ ಹೇಳುತ್ತಿದ್ದರು. ಅವರ ಶಿಷ್ಯರಾಗಿ ಮುಂದೆ ಹೆಸರಾಂತ ಯೋಗಗುರುಗಳಾದ ಪಟ್ಟಾಭಿ ಜೋಯಿಸರು ಅವರನ್ನು ಹಾಸನದಲ್ಲಿ ಮೊದಲು ಕಂಡಾಗ 12 ವರ್ಷದವರು. ಹಾಗೆಯೇ ಹೆಸರಾದ ಇನ್ನೊಬ್ಬ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಮೈಸೂರಿಗೆ ಬಂದಾಗ ಹದಿನೈದರ ಆಸುಪಾಸಿನವರು. ಊರೂರು ಸುತ್ತಿ ಯೋಗ ಶಿಬಿರಗಳನ್ನು ನಡೆಸಿದ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರ ಮುಂದೆ ನಿಂತವರಲ್ಲೂ ಯುವಕರೇ ಹೆಚ್ಚು. ಮೈ ಗಟ್ಟಿಯಾಗುತ್ತಿರುವ ಹುಡುಗರಿಗೆ ಹೊಂದಿದ ಕ್ರಮವನ್ನು ಹಾಗೆಯೇ ಕೆಳಗಿಳಿಸಿ, ಇನ್ನೂ ಶೂ ಹಾಕಿಕೊಳ್ಳಲು ಬಾರದ ಮಗುವಿನ ಮೇಲೆ ಹೇರುತ್ತಿರುವವರು ನಾವು. ಕೃಷ್ಣಮಾಚಾರ್ಯರ ಶಿಷ್ಯಪರಂಪರೆಯಲ್ಲಿ, ಬೆಳೆಯುವ ವಯಸ್ಸಿನವರಿಗೆ ಒಂದು ಕ್ರಮ, ಸಂಸಾರಸ್ಥರಿಗೆ ಇನ್ನೊಂದು, ವೃದ್ಧರಿಗೆ ಮತ್ತೊಂದು ಎಂಬ ಮಾತು ಇದ್ದೇ ಇದೆ. ನಾವು ಅದನ್ನು ಮೂರು ವರ್ಷದವರೆಗೆ ಎಳೆದು ಯೋಚಿಸಿಲ್ಲ, ಅಷ್ಟೆ.

ನಲಿ-ಕಲಿಯ ಶಿಕ್ಷಕರಿಗೆ ಈ ವಾದವನ್ನು ನಾನು ಹೆಚ್ಚು ಬೆಳೆಸಿ ಹೇಳಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆ ಪದ್ಧತಿ ಆರಂಭವಾದಾಗ, ಮಕ್ಕಳು ಗುಂಪಿನಲ್ಲಿ ನೆಲದ ಮೇಲೆ ಕೂತು ಹಾಡಿ ಕಾರ್ಡು ಜೋಡಿಸುತ್ತಿದ್ದರೆ ಪಾಠ ಯಾವಾಗ ಎಂದು ಕೇಳಿದವರಿದ್ದರು. ಅದೇ ಪಾಠವೆಂದು ನೀವು ತೋರಿಸಿಕೊಟ್ಟಿರಿ. ಯೋಗದ ವಿಷಯದಲ್ಲೂ ಅದೇ ಧೈರ್ಯ ಬೇಕು.

ಇನ್ನು ಕೆಲಸದ ಮಾತಿಗೆ ಬರುತ್ತೇನೆ. ಕೆರೆ-ದಡ ಆಟ ನಿಮಗೆಲ್ಲ ಗೊತ್ತು. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, 'ಕೆರೆ' ಎಂದರೆ ಒಳಕ್ಕೆ, 'ದಡ' ಎಂದರೆ ಹೊರಕ್ಕೆ ಜಿಗಿಯುವುದು. ಇದಕ್ಕೆ ಒಂದೇ ಒಂದು ನಿಯಮ ಸೇರಿಸಿ ನೋಡಿ: ಕೆರೆಯಲ್ಲಿದ್ದಾಗ ಎಲ್ಲರೂ ಕಪ್ಪೆ, ದಡದಲ್ಲಿದ್ದಾಗ ಎಲ್ಲರೂ ಮರ. ಕಪ್ಪೆಯೆಂದರೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಅಂಗೈಗಳನ್ನು ಮುಂದೆ ನೆಲಕ್ಕೆ ಊರುವುದು. ಮರವೆಂದರೆ ಒಂದು ಪಾದವನ್ನು ಇನ್ನೊಂದು ಕಾಲಿನ ಮೀನಖಂಡಕ್ಕೆ ಒತ್ತಿ ಕೈ ಮೇಲೆತ್ತಿ ನಿಲ್ಲುವುದು. ಮೊದಮೊದಲು ಮರಗಳು ಉರುಳುತ್ತವೆ, ಪಕ್ಕದ ಮರವನ್ನೂ ಉರುಳಿಸುತ್ತವೆ. ಬೀಳುವುದೂ ಆಟದ ಭಾಗವಾಗಿರುವುದರಿಂದ ಯಾರಿಗೂ ಅವಮಾನವಿಲ್ಲ. ಸ್ವಲ್ಪ ಅಭ್ಯಾಸವಾದ ಮೇಲೆ 'ದಡ' ಎಂದು ಕೂಗಿ ಮುಂದಿನ ಕರೆಯನ್ನು ತಡಮಾಡಿ. ಕಿವಿ ನಿಮ್ಮ ಬಾಯಿಯ ಮೇಲೆ, ಕಣ್ಣು ಎದುರಿನ ಗೋಡೆಯ ಮೇಲೆ ನೆಟ್ಟು, ಉಸಿರು ಬಿಗಿಹಿಡಿಯದೆ ಹತ್ತಾರು ಸೆಕೆಂಡು ಒಂಟಿ ಕಾಲಿನಲ್ಲಿ ನಿಂತಿರುವ ಮಕ್ಕಳನ್ನು ಆಗ ಕಾಣುವಿರಿ. 'ಅಲ್ಲಾಡದೆ ನಿಲ್ಲಿ' ಎಂದು ಆಜ್ಞೆ ಮಾಡಿದ್ದರೆ ಈ ಸ್ಥಿರತೆ ಬರುತ್ತಿರಲಿಲ್ಲ.

ಕಥೆಗಳ ವಿಷಯದಲ್ಲಿ ನನಗೆ ಬಹಳ ಮೆಚ್ಚಿಕೆಯಾದದ್ದು ಕೆರೆ ಬತ್ತಿದಾಗ ಹಂಸಗಳೊಂದಿಗೆ ಹಾರಿಹೋದ ಆಮೆಯ ಕಥೆ. ಕಾರ್ಯಕರ್ತೆಯೊಬ್ಬರು ಇದನ್ನು ನಡೆಸುವುದನ್ನು ನಾನು ನೋಡಿದ್ದೇನೆ, ಅವರು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಮೊದಲು ಎಲ್ಲ ಮಕ್ಕಳೂ ಸೇರಿ ಕೆರೆಯಾಗುತ್ತಾರೆ: ಅಂಗಾತ ಮಲಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರೆ ಅಲೆ ಏರಿ ಇಳಿಯುವುದು ಕೈಗೇ ತಿಳಿಯುತ್ತದೆ. ಕೆರೆಯೊಳಗೆ ಮೀನುಗಳಿವೆ, ಕಾಲು ಜೋಡಿಸಿ ಬಾಲ ಬಡಿದರೆ ಮೀನಾಯಿತು, ಮತ್ಸ್ಯಾಸನದಲ್ಲಿ ಮಾಡುವಂತೆ ನೆತ್ತಿ ಊರಿ ಕತ್ತು ಹಿಂದಕ್ಕೆ ಬಾಗಿಸುವುದು ಈ ವಯಸ್ಸಿಗೆ ಬೇಡ. ಬೇಸಿಗೆ ಬರುತ್ತದೆ, ಸೂರ್ಯ ಏರುತ್ತಾನೆ; ಮಕ್ಕಳು ಮೆಲ್ಲಗೆ ಎದ್ದು ತುದಿಗಾಲಿನಲ್ಲಿ ನಿಂತು ಕೈ ಅಗಲಿಸಿ ಮೇಲೆತ್ತುತ್ತಾರೆ. ಕೆರೆ ಬತ್ತುತ್ತದೆ, ಎಲ್ಲರೂ ಮಂಡಿಯೂರಿ ಹಣೆ ನೆಲಕ್ಕೆ ತಾಗಿಸಿ ಮುದುಡುತ್ತಾರೆ. ಹಂಸಗಳು ಬರುತ್ತವೆ, ಒಂದು ಕಾಲನ್ನು ಹಿಂದಕ್ಕೆ ಚಾಚಿ, ಮೈಯನ್ನು ಮುಂದಕ್ಕೆ ಬಾಗಿಸಿ, ರೆಕ್ಕೆ ಬಿಡಿಸುವುದು. ಆಮೆಯೆಂದರೆ ಎರಡೂ ಅಂಗಾಲುಗಳನ್ನು ಜೋಡಿಸಿ ಕೂತು, ಮೊಣಕಾಲಿನ ಕೆಳಗಿನಿಂದ ಕೈ ತೂರಿಸಿ, ತಲೆ ತಗ್ಗಿಸಿ ಚಿಪ್ಪಿನೊಳಗೆ ಸೇರುವುದು.

ಇದರ ನಂತರದ ಭಾಗ ಸೊಗಸಾದದ್ದು. ಇಬ್ಬರು ಮಕ್ಕಳು ಹಂಸಗಳಾಗಿ ಒಂದು ದುಪಟ್ಟಾದ ಎರಡು ತುದಿ ಹಿಡಿಯುತ್ತಾರೆ. ನಡುವೆ ಆಮೆಯಾದ ಮಗು ದುಪಟ್ಟಾವನ್ನು ಕೈಯಲ್ಲಿ ಹಿಡಿದು, ತುಟಿ ಬಿಗಿಮಾಡಿಕೊಂಡು ಕೋಣೆಯನ್ನು ಒಂದು ಸುತ್ತು ಬರಬೇಕು. ಉಳಿದವರೆಲ್ಲ ಊರಿನ ಜನ. ಅವರ ಕೆಲಸ ಆಮೆಯನ್ನು ಮಾತಾಡಿಸುವುದು. 'ಆಮೆಯಣ್ಣಾ, ಎಲ್ಲಿಗೆ ಹೊರಟೆ?', 'ಟಿಕೆಟ್ ತಗೊಂಡ್ಯಾ?' ಎಂದು ನಾಲ್ಕೂ ಕಡೆಯಿಂದ ಕೂಗು. ಬಾಯಿ ತೆರೆಯುವಂತಿಲ್ಲ, ಆದ್ದರಿಂದ ಆಮೆ ಮೂಗಿನಿಂದಲೇ ಉಸಿರಾಡಬೇಕು, ಉಕ್ಕಿ ಬರುವ ನಗುವನ್ನು ಮೂಗಿನಲ್ಲೇ ತಡೆಯಬೇಕು. ಮೂಗಿನಿಂದ ಉಸಿರಾಡುವುದನ್ನು ಈ ವಯಸ್ಸಿನವರಿಗೆ ಹೇಳಿ ಮಾಡಿಸುವುದು ಬಹಳ ಕಷ್ಟ. ಇಲ್ಲಿ ಕಥೆಯೇ ಅದನ್ನು ಮಾಡಿಸಿಕೊಳ್ಳುತ್ತದೆ. ಕೊನೆಗೆ ಆಮೆ ನಕ್ಕೇ ನಗುತ್ತದೆ, ಧೊಪ್ಪೆಂದು ಬೀಳುತ್ತದೆ. ಆಗ ಆಮೆ, ಹಂಸ, ಊರಿನ ಜನ ಎಲ್ಲರೂ ನೆಲಕ್ಕೆ ಬಿದ್ದು ಕೈಕಾಲು ಸಡಿಲಬಿಟ್ಟು ಮಲಗುತ್ತಾರೆ. ಕಥೆಯ ನೀತಿ ಬಾಯಿ ಮುಚ್ಚಿಕೊಂಡಿರಬೇಕು ಎಂಬುದಾದರೂ ಮಕ್ಕಳಿಗೆಲ್ಲ ಬೀಳುವ ಆಮೆಯಾಗುವುದೇ ಇಷ್ಟ. ಆಮೆ ಬಿದ್ದದ್ದು ಇನ್ನೊಂದು ಕೆರೆಯೊಳಗೆ, ಆದ್ದರಿಂದ ಅದಕ್ಕೆ ಏನೂ ಆಗಲಿಲ್ಲ ಎಂದು ಒಬ್ಬ ಹುಡುಗಿ ಅಂದು ತೀರ್ಪು ಕೊಟ್ಟಳು. ಟೀಚರ್ ಒಪ್ಪಿಕೊಂಡರು.

ನವಿಲಾಗು, ಹುಂಜವಾಗು ಎಂದು ಮಗುವಿಗೆ ಹೇಳುವುದೆಂದರೆ ಮಯೂರಾಸನ, ಕುಕ್ಕುಟಾಸನ ಮಾಡಿಸುವುದೆಂದು ಯಾರೂ ತಿಳಿಯಬಾರದು. ಮೊಣಕೈಗಳನ್ನು ಹೊಟ್ಟೆಗೆ ಒತ್ತಿ ಇಡೀ ಮೈಯನ್ನು ಎತ್ತುವ, ಪದ್ಮಾಸನದ ಸಂದಿಯಲ್ಲಿ ಕೈ ತೂರಿಸಿ ಮೇಲೇಳುವ ಆಸನಗಳು ಬಲಿತ ಮೈಗೆ ಸೇರಿದವು. ಮಗುವಿನ ನವಿಲು ಕತ್ತು ಕೊಂಕಿಸಿ, ಕೈಗಳನ್ನು ಹಿಂದೆ ಗರಿಯಂತೆ ಬಿಡಿಸಿ ನಡೆದರೆ ಸಾಕು.

ಮಕ್ಕಳಿಗೆ ಗೊತ್ತಿರುವ ಪ್ರಪಂಚದಿಂದಲೂ ಆಸನಗಳು ಹುಟ್ಟಲಿ. ನಗರದ ಎಷ್ಟೋ ಮಕ್ಕಳು ಮಿಡತೆಯನ್ನು ಕಂಡಿಲ್ಲ, ಒಂಟೆಯನ್ನು ಚಿತ್ರದಲ್ಲಷ್ಟೇ ಕಂಡಿದ್ದಾರೆ. ಆದರೆ ಜೆಸಿಬಿಯನ್ನು ಕಾಣದ, ಅದರ ಮುಂದೆ ಕಾಲು ಕೀಳದೆ ನಿಲ್ಲದ ಮಗು ನಮ್ಮ ನಾಡಿನಲ್ಲಿ ಇದ್ದಂತಿಲ್ಲ. ಕಾಲುಗಳನ್ನು ಅಗಲಿಸಿ ಕೂತು, ಎರಡು ಕೈ ಸೇರಿಸಿ ಬಕೆಟ್ ಮಾಡಿ, ಸೊಂಟದಿಂದ ಬಾಗಿ ಮುಂದಿನ ಮಣ್ಣನ್ನು ಬಾಚಿ, ಎತ್ತಿ, ಪಕ್ಕಕ್ಕೆ ತಿರುಗಿ ಲಾರಿಗೆ ಸುರಿದರೆ ತೊಡೆಯ ಹಿಂಭಾಗಕ್ಕೂ ಬೆನ್ನಿಗೂ ಎಂಥ ಒಳ್ಳೆಯ ಸೆಳೆತ ಸಿಗುತ್ತದೆಂಬುದನ್ನು ನೀವೇ ಮಾಡಿ ನೋಡಬಹುದು. ರಿವರ್ಸ್ ಹೋಗುವಾಗಿನ ಸದ್ದನ್ನು ಮಕ್ಕಳೇ ಸೇರಿಸುತ್ತಾರೆ. ಹೊಟ್ಟೆಯ ಮೇಲಿಂದ ಬೆನ್ನಿಗೆ, ಬೆನ್ನಿನಿಂದ ಹೊಟ್ಟೆಗೆ ಹೊರಳುವುದಕ್ಕೆ ದೋಸೆ ತಿರುವುವುದೆಂದು ಹೆಸರಿಟ್ಟರೆ ಮತ್ತೆ ಹೇಳಿಕೊಡಬೇಕಾಗಿಲ್ಲ. ಕಾಲು ಚಾಚಿ ಕೂತು ಕೈ ಕಟ್ಟಿ ಮೈಯನ್ನು ವೃತ್ತಾಕಾರವಾಗಿ ಸುತ್ತಿಸುವ ಚಕ್ಕಿಚಾಲನವನ್ನು ರಾಗಿ ಬೀಸುವುದೆಂದು ಹೇಳಿ. ಬೀಸುವ ಕಲ್ಲನ್ನು ನೋಡಿರದ ಮಗು ಮನೆಗೆ ಹೋಗಿ ಅಜ್ಜಿಯನ್ನು ಕೇಳಲಿ, ಅಜ್ಜಿಗೂ ಒಂದು ಹಾಡು ನೆನಪಾಗಬಹುದು.

ಉಸಿರಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ವಯಸ್ಕರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ ಮೂರು ನಾಲ್ಕು ವರ್ಷದ ಮಗು 20ರಿಂದ 30 ಬಾರಿ ಉಸಿರಾಡುತ್ತದೆ. ಅದರ ದೇಹಕ್ಕೆ ಅದು ಬೇಕು. ಆ ಮಗುವಿನ ಉಸಿರನ್ನು ನಮ್ಮ ಎಣಿಕೆಗೆ ಕಟ್ಟುವುದು, ತಡೆಹಿಡಿಸುವುದು, ಭಸ್ತ್ರಿಕಾ ಕಪಾಲಭಾತಿಗಳಂತೆ ರಭಸದಿಂದ ಆಡಿಸುವುದು ಸಲ್ಲದು. ಉಸಿರನ್ನು ಹೊರಬಿಡುವುದು ದೀರ್ಘವಾದರೆ ಸಾಕು, ಒಳಗೆ ಬರುವುದು ತಾನಾಗಿಯೇ ಬರುತ್ತದೆ. ಇದಕ್ಕೆ ಆಟಗಳು ಬೇಕಷ್ಟಿವೆ. ನೆಲದ ಮೇಲೆ ಹತ್ತಿಯ ಉಂಡೆಯನ್ನಿಟ್ಟು ಊದುತ್ತ ಗೆರೆ ದಾಟಿಸುವುದು ಒಂದು. ಮಲಗಿದ ಮಗುವಿನ ಹೊಟ್ಟೆಯ ಮೇಲೆ ಹಗುರವಾದ ಗೊಂಬೆಯೊಂದನ್ನಿಟ್ಟು ಅದನ್ನು ತೂಗಿ ಮಲಗಿಸುವುದು ಇನ್ನೊಂದು. ಆರೇಳು ವರ್ಷದವರಿಗೆ ಕಬಡ್ಡಿಗಿಂತ ಒಳ್ಳೆಯ ಉಸಿರಾಟದ ಪಾಠವನ್ನು ನಾನು ಬೇರೆ ಕಂಡಿಲ್ಲ. ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತ ಎದುರಾಳಿಯ ಅಂಗಳಕ್ಕೆ ಹೋಗಿ ಬರುವ ಹುಡುಗ ಉಸಿರನ್ನು ಹದವಾಗಿ ಹಂಚಿ ಬಿಡುವುದನ್ನು ತಾನೇ ಕಲಿತಿರುತ್ತಾನೆ. ಭ್ರಾಮರಿಯಂತೂ ಮಕ್ಕಳಿಗೆಂದೇ ಮಾಡಿದಂತಿದೆ. ತುಟಿ ಮುಚ್ಚಿ ದುಂಬಿಯಂತೆ ಗುಂಯ್‌ಗುಟ್ಟುವಾಗ ಕೈಯನ್ನು ಎದೆಯ ಮೇಲೋ ಗೆಳೆಯನ ಬೆನ್ನ ಮೇಲೋ ಇಟ್ಟರೆ ಸದ್ದು ಕೈಗೆ ತಾಗುತ್ತದೆ. ಎಲ್ಲ ಮತಗಳ ಮಕ್ಕಳೂ ಸೇರುವ ಅಂಗನವಾಡಿಯಲ್ಲಿ ಓಂಕಾರ ಹೇಳಿಸಬೇಕೇ ಬೇಡವೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಮನೆಯಲ್ಲಿ ಹೇಳುವವರು ಧಾರಾಳವಾಗಿ ಹೇಳಲಿ. ಅಂಗನವಾಡಿಗೆ ದುಂಬಿ ಸಾಕು. ಅದರ ಸದ್ದಿಗೆ ಯಾವ ಮನೆಯ ತಕರಾರೂ ಇರುವುದಿಲ್ಲ.

ಸುಮ್ಮನಿರುವುದನ್ನು ಕಲಿಸುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಮಕ್ಕಳೇ ಆಡುವ 'ಸ್ಟ್ಯಾಚು' ಆಟವನ್ನು ನೋಡಿದರೆ ಆ ಮಾತು ಪೂರ್ತಿ ನಿಜವಲ್ಲವೆಂದು ತಿಳಿಯುತ್ತದೆ. ಓಡಿ ಕುಣಿದು ದಣಿದ ಮೇಲೆ ಒಂದು ನಿಮಿಷ ಮಲಗಿಸಿ, ಯಾವ ಯಾವ ಸದ್ದು ಕೇಳಿಸಿತೆಂದು ಆಮೇಲೆ ಹೇಳಬೇಕೆಂದು ತಿಳಿಸಿ. ಕುಕ್ಕರಿನ ಸೀಟಿ, ಕಾಗೆ, ದೂರದ ಆಟೋ, ಪಕ್ಕದವನ ಹೊಟ್ಟೆಯ ಗುಡುಗುಡು ಎಲ್ಲವೂ ಪಟ್ಟಿಗೆ ಬರುತ್ತವೆ. ಕಣ್ಣು ಮುಚ್ಚಲು ಹೆದರುವ ಮಕ್ಕಳಿರುತ್ತಾರೆ. ಅವರು ಕಣ್ಣು ಬಿಟ್ಟೇ ಮಲಗಲಿ. ಶವಾಸನವೆಂಬ ಹೆಸರನ್ನು ಈ ವಯಸ್ಸಿನವರ ಮುಂದೆ ಹೇಳದಿರುವುದು ಲೇಸು. ನಿದ್ದೆ ಬಂದ ಬೆಕ್ಕು ಎಂದರೆ ಕೆಲಸ ನಡೆಯುತ್ತದೆ.

ಈಗ ಸ್ವಲ್ಪ ಕಟುವಾಗಿ ಹೇಳಬೇಕಾದ ಮಾತು. ಜೂನ್ 21 ಹತ್ತಿರವಾಗುತ್ತಿದ್ದಂತೆ ಪುಟ್ಟ ಮಕ್ಕಳನ್ನು ಬಿಸಿಲಿನಲ್ಲಿ ಸಾಲುಗಟ್ಟಿಸಿ ಒಂದೇ ತಾಳಕ್ಕೆ ಕೈ ಎತ್ತಿಸುವ ತಾಲೀಮು ಹಲವೆಡೆ ನಡೆಯುತ್ತದೆ. ದೊಡ್ಡವರಿಗೆ ಅದು ಹಬ್ಬ, ಮಕ್ಕಳಿಗೆ ನೀರಡಿಕೆ. ಇದಕ್ಕಿಂತ ಆತಂಕದ ಸಂಗತಿ ಎಳೆಯ ಮಕ್ಕಳ ಸ್ಪರ್ಧೆಗಳು. ಕೆಲವು ಮಕ್ಕಳ ಕೀಲುಗಳು ಹುಟ್ಟಿನಿಂದಲೇ ಸಡಿಲ. ಅವರು ಹಿಂದಕ್ಕೆ ಬಾಗಿ ಪಾದವನ್ನು ತಲೆಗೆ ತಾಗಿಸಿದರೆ ಸುತ್ತಲಿದ್ದವರು 'ರಬ್ಬರ್ ಮಗು' ಎಂದು ಚಪ್ಪಾಳೆ ತಟ್ಟಿ ವೀಡಿಯೊ ಮಾಡುತ್ತಾರೆ. ಅಂಥ ಮಗುವಿಗೆ ಬೇಕಾದದ್ದು ಇನ್ನಷ್ಟು ಬಾಗುವುದಲ್ಲ, ಕೀಲುಗಳನ್ನು ಹಿಡಿದಿಡುವ ಸ್ನಾಯುಗಳ ಬಲ. ಚಪ್ಪಾಳೆ ಅದನ್ನು ಉಲ್ಟಾ ದಾರಿಗೆ ತಳ್ಳುತ್ತದೆ. ಬಾಗಲಾರದ ಮಗುವಿನ ಬೆನ್ನನ್ನು ಒತ್ತಿ ಬಾಗಿಸುವುದನ್ನಂತೂ ಯಾರೂ ಮಾಡಬಾರದು. ನನ್ನನ್ನು ಕೇಳಿದರೆ, ಎಂಟು ವರ್ಷದೊಳಗಿನವರಿಗೆ ಯೋಗದಲ್ಲಿ ಬಹುಮಾನವೇ ಇರಬಾರದು, ಆಸನವನ್ನು ತಿದ್ದುವುದೂ ಅಪಾಯ ಕಂಡಾಗ ಮಾತ್ರ. ಮೊಣಕಾಲು ಒಳಕ್ಕೆ ತಿರುಚಿದರೆ, ಕತ್ತಿನ ಮೇಲೆ ಭಾರ ಬಿದ್ದರೆ ಕೂಡಲೇ ತಡೆಯಿರಿ. ಮರದ ಕೊಂಬೆ ಸೊಟ್ಟಗಿದ್ದರೆ ಬಿಟ್ಟುಬಿಡಿ.

ಕತ್ತಿನ ಮಾತನ್ನು ಒತ್ತಿ ಹೇಳುತ್ತೇನೆ. ಪುಟ್ಟ ಮಕ್ಕಳ ತಲೆ ಮೈಯ ಅಳತೆಗೆ ದೊಡ್ಡದು, ಕತ್ತು ಎಳಸು. ಶೀರ್ಷಾಸನ, ಸರ್ವಾಂಗಾಸನಗಳು ಈ ವಯಸ್ಸಿಗೆ ಬೇಡವೇ ಬೇಡ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ಭಾಗದ ಕೀಲು ಭದ್ರವಾಗಿರುವುದಿಲ್ಲವಾದ್ದರಿಂದ ಅವರಿಗೆ ಪಲ್ಟಿ ಹೊಡೆಸುವುದೂ ಅಪಾಯ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಇರುವವರ ವಿಷಯದಲ್ಲೂ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಆದರೆ ಅವರನ್ನು ಮೂಲೆಯಲ್ಲಿ ಕೂರಿಸಬೇಡಿ. ಕೂತಲ್ಲಿಂದಲೇ ಜೆಸಿಬಿ ಓಡಿಸಬಹುದು, ದುಂಬಿಯಾಗಬಹುದು, ಕೆರೆ-ದಡದಲ್ಲಿ ಕೂಗುವವರೂ ಆಗಬಹುದು. ನೆಲದ ಬಗ್ಗೆಯೂ ಎಚ್ಚರವಿರಲಿ: ನುಣುಪಾದ ನೆಲದ ಮೇಲೆ ಹಾಸಿದ ಜಮಖಾನ ಜಾರುತ್ತದೆ, ಕಾಲುಚೀಲ ಇನ್ನೂ ಜಾರುತ್ತದೆ. ಬರಿಗಾಲು, ಬರಿ ನೆಲ ವಾಸಿ.

ಯೋಗದಿಂದ ನೆನಪಿನ ಶಕ್ತಿ ಹೆಚ್ಚುತ್ತದೆ, ಅಂಕ ಹೆಚ್ಚುತ್ತದೆ ಎಂದು ಪೋಷಕರಿಗೆ ಆಸೆ ಹುಟ್ಟಿಸುವ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಎಳೆಯ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಬಹುಪಾಲು ಸಣ್ಣವು. ಗಮನ, ಸಮತೋಲನ, ಸಿಟ್ಟಿನ ನಿಯಂತ್ರಣಗಳಲ್ಲಿ ಒಳ್ಳೆಯ ಸೂಚನೆಗಳಿದ್ದರೂ ಅಷ್ಟು ದೊಡ್ಡ ಮಾತು ಆಡಲು ಅವು ಸಾಲುವುದಿಲ್ಲ. ಯೋಗ ಬಯಲಿನ ಆಟಕ್ಕೆ ಬದಲಿಯೂ ಅಲ್ಲ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸುವ ಚಟುವಟಿಕೆಯಲ್ಲಿರಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಷ್ಟು ಚುರುಕಾಗಿರಬೇಕು, ಪರದೆಯ ಮುಂದೆ ಒಂದು ಗಂಟೆಗಿಂತ ಹೆಚ್ಚು ಕೂರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾವು ಮಾತಾಡುತ್ತಿರುವ ಹತ್ತು ಹದಿನೈದು ನಿಮಿಷ ಇದರೊಳಗಿನ ಒಂದು ಚಿಕ್ಕ ಪಾಲು. ಮೈದಾನದ ಅವಧಿಯನ್ನು ಕತ್ತರಿಸಿ ಯೋಗದ ಅವಧಿ ಮಾಡುವ ಶಾಲೆಗಳಿಗೆ ಪೋಷಕರು ಇದನ್ನು ತಿಳಿಸಿ ಹೇಳಬೇಕು.

ಸೂರ್ಯನಮಸ್ಕಾರವನ್ನು ಯಾವಾಗ ಆರಂಭಿಸಬೇಕೆಂಬ ಪ್ರಶ್ನೆಯ ಚೀಟಿಗಳು ಹಲವು ಬಂದಿವೆ. ಎಂಟು ವರ್ಷದ ಸುಮಾರಿಗೆ ಎಂಬುದು ನನ್ನ ಉತ್ತರ. ಉಪನಯನವಿದ್ದ ಮನೆಗಳಲ್ಲೂ ಸಂಧ್ಯಾವಂದನೆಯ ಪ್ರಾಣಾಯಾಮ ಬರುತ್ತಿದ್ದುದು ಎಂಟನೆಯ ವಯಸ್ಸಿನ ಆಸುಪಾಸಿನಲ್ಲೇ. ಅದಕ್ಕೆ ಮುಂಚೆ ಮಗುವನ್ನು ಆಡಲು ಬಿಡುತ್ತಿದ್ದರು. ಎಂಟರ ನಂತರವೂ ಹನ್ನೆರಡು ಹೆಜ್ಜೆಗಳನ್ನು ಒಮ್ಮೆಗೇ ಹೇಳಿಕೊಡದೆ, ಈಗಾಗಲೇ ಬಲ್ಲ ನಾಯಿ, ಹಾವುಗಳನ್ನು ಒಂದಕ್ಕೊಂದು ಪೋಣಿಸುತ್ತ ಹೋದರೆ ಮಕ್ಕಳು ತಾವಾಗಿಯೇ ಸರಣಿಯನ್ನು ಹಿಡಿಯುತ್ತಾರೆ.

ಇನ್ನೊಂದು ಚೀಟಿ ಸಮಯದ ಬಗ್ಗೆ. ಹೊಟ್ಟೆ ತುಂಬಿದ ಕೂಡಲೇ ಬಾಗುವುದು, ಹೊರಳುವುದು ಬೇಡ. ಅಂಗನವಾಡಿಯಲ್ಲಿ ಕ್ಷೀರಭಾಗ್ಯದ ಹಾಲು ಕೊಡುವುದಕ್ಕೆ ಮೊದಲೇ ಈ ಆಟಗಳು ಮುಗಿಯಲಿ. ಊಟವಾಗಿದ್ದರೆ ಎರಡು ಗಂಟೆಯಾದರೂ ಬಿಡಬೇಕು. ನಮ್ಮ ಇಂದಿನ ಅಭ್ಯಾಸದ ಗೋಷ್ಠಿಯನ್ನು ಸಂಘಟಕರು ಊಟದ ಹಿಂದೆಯೇ ಇಟ್ಟಿರುವುದರಿಂದ ಜೆಸಿಬಿ, ದೋಸೆಗಳನ್ನು ಸಂಜೆಯ ಚಹಾಕ್ಕೆ ಮುಂಚೆ ಮಾಡೋಣ. ಊಟವಾದ ಕೂಡಲೇ ಹತ್ತಿಯ ಉಂಡೆ, ದುಂಬಿಗಳಿಂದ ಆರಂಭಿಸೋಣ; ಸೀರೆ ಉಟ್ಟು ಬಂದವರಿಗೂ ಅದರಲ್ಲಿ ಅಡ್ಡಿಯಿಲ್ಲ.